ಇಳಿಜಾರಿನಲ್ಲಿ ಎತ್ತು ಬಿಚ್ಚಿದವರು

ಅವರು ತೀರಿಕೊಂಡರೆಂದು ಕೇಳಿದಾಗ ನನಗೆ ಮೊದಲು ಬಂದದ್ದು ಹೆದರಿಕೆ. ದುಃಖ ಆಮೇಲೆ ಬಂತು. ನನ್ನಲ್ಲಿ ಅದಕ್ಕೆ ಯಾವತ್ತೂ ಹಿಂದಿನ ಸೀಟೇ. ಹೆದರಿಕೆಗೆ ಕಾರಣವಿತ್ತು. ಹಾಸಿಗೆ ಹಿಡಿದಿದ್ದಾಗ ಅವರು ನನ್ನ ಕೈ ಹಿಡಿದುಕೊಂಡು ಒಂದು ಕೆಲಸ ಒಪ್ಪಿಸಿದ್ದರು. ತಮ್ಮ ಹೆಣದ ಮುಂದೆ ಹಟ್ಟಿಯ ಹಿರಿಯರು ಪಾಪಗಳನ್ನು ಹೇಳುವಾಗ, ತಾವು ನಿಜವಾಗಿ ಮಾಡಿದ ಒಂದು ಪಾಪವನ್ನೂ ಸೇರಿಸಿ ಹೇಳಬೇಕು, ಅದನ್ನು ಹೇಳಿಸುವ ಹೊಣೆ ನನ್ನದು ಎಂದು. ಎದುರುಮನೆಯವರಿಗೆ ನಿಮ್ಮ ಕೋಳಿಯನ್ನು ಕಟ್ಟಿಹಾಕಿಕೊಳ್ಳಿ ಎಂದು ಹೇಳಲು ಇಡೀ ಮಳೆಗಾಲ ಧೈರ್ಯ ಕೂಡಿಸಿಕೊಂಡು, ಕೊನೆಗೆ ಹೇಳದೆ ಬಿಟ್ಟ ಮನುಷ್ಯ ನಾನು. ಅಂಥವನ ಕೈಗೆ ಅವರು ತಮ್ಮ ಪರಲೋಕವನ್ನು ಕೊಟ್ಟು ಹೋಗಿದ್ದರು.

ಅವರು ಉದಕಮಂಡಲದಿಂದ ಗೂಡಲೂರಿಗೆ ಬಸ್ಸು ಬಿಡುತ್ತಿದ್ದ ಡ್ರೈವರು. ನಾನು ಅದೇ ಕಂಪನಿಯ ಕಚೇರಿಯಲ್ಲಿ ಟಿಕೆಟ್ಟು ಹರಿಯುವ ಗುಮಾಸ್ತ. ಬೆಟ್ಟದಲ್ಲಿ ಗುಮಾಸ್ತನನ್ನು ರೈಟರು ಎನ್ನುತ್ತಾರೆ, ಧಣಿಯನ್ನು ಮುದಲಾಳಿ ಎನ್ನುತ್ತಾರೆ. ನಾನು ಗುಂಡ್ಲುಪೇಟೆಯ ಕಡೆಯಿಂದ ಹೊಟ್ಟೆಪಾಡಿಗಾಗಿ ಬೆಟ್ಟ ಹತ್ತಿದವನು. ಅವರು ಬೆಟ್ಟದಲ್ಲೇ ಹುಟ್ಟಿದ ಬಡಗರು. ಉದಕಮಂಡಲದಿಂದ ನಡೆದೇ ಹೋಗಬಹುದಾದ ಒಂದು ಹಟ್ಟಿಯವರು. ಅವರ ಬಡಗ ಮಾತು ನನ್ನ ಕನ್ನಡದ ಅಜ್ಜಿ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಅರ್ಥವಾಗುತ್ತಿತ್ತು, ಆದರೆ ಎರಡು ಸಲ ಹೇಳಿಸಬೇಕಿತ್ತು. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ಬಗ್ಗಿಸಿಕೊಂಡು ಬರೆಯುತ್ತಿದ್ದೇನೆ. ಅವರು ಬದುಕಿದ್ದರೆ ಇದಕ್ಕೂ ನಗುತ್ತಿದ್ದರು.

ಎತ್ತರದ ಆಳು. ತಲೆಗೆ ಬಿಳಿ ಮುಂಡಾಸು, ಮೈಗೆ ಯಾವುದೋ ದೊರೆ ಬಿಟ್ಟುಹೋದ ಖಾಕಿ ಕೋಟು, ಕಾಲಿಗೆ ಏನೂ ಇಲ್ಲ. ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಉಪ್ಪಿನಂತೆ ಕೂತಿರುವಾಗಲೂ ಬರಿಗಾಲಲ್ಲೇ ಪೆಡಲ್ಲು ಒತ್ತುತ್ತಿದ್ದರು. ಮುದಲಾಳಿ ಒಮ್ಮೆ ಬೂಟು ಕೊಡಿಸಿದಾಗ ಅದನ್ನು ಸೀಟಿನ ಕೆಳಗಿಟ್ಟರು.

"ಯಾಕಣ್ಣ, ಹಾಕಿಕೊಳ್ಳಬಾರದೇ?" ಎಂದೆ.

"ಎಮ್ಮೆ ಕರೆಯುವಾಗ ಕೈಗೆ ಚೀಲ ಕಟ್ಟಿಕೊಳ್ಳುತ್ತೀರಾ ರೈಟರೇ?"

"ನಾನು ಎಮ್ಮೆ ಕರೆದವನಲ್ಲ."

"ಕಂಡರೇ ಗೊತ್ತಾಗುತ್ತೆ. ಜೋರಾಗಿ ಹಿಂಡಿದರೆ ಎಮ್ಮೆ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತೆ. ಮೆತ್ತಗೆ ಕೇಳಿದರೆ ಕೊಡುತ್ತೆ. ಇದೂ ಹಾಗೇ. ಧಡ್ ಅಂತ ಒತ್ತಿದರೆ ಪೆಟ್ರೋಲೆಲ್ಲ ಹೊಗೆಯಾಗಿ ಹಿಂದಕ್ಕೆ ಹೋಗುತ್ತೆ, ಬಂಡಿ ಮಾತ್ರ ಇದ್ದಲ್ಲೇ ಇರುತ್ತೆ."

ಪೆಟ್ರೋಲು ಉಳಿಸುವುದರಲ್ಲಿ ಬೆಟ್ಟದ ಮೇಲೆ ಅವರನ್ನು ಮೀರಿಸುವವರಿರಲಿಲ್ಲ. ಆಗೆಲ್ಲ ಪೆಟ್ರೋಲು ಕೆಳಗಿನಿಂದ ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಡಬ್ಬದಿಂದ ಟ್ಯಾಂಕಿಗೆ ಸುರಿಯುವಾಗ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕೊನೆಯ ಹನಿ ಬಿದ್ದ ಮೇಲೂ ಡಬ್ಬವನ್ನು ಬೋರಲು ಹಿಡಿದು ಇನ್ನೊಂದು ಹನಿಗೆ ಕಾಯುತ್ತಿದ್ದರು. ಆ ಹನಿಯೂ ಬರುತ್ತಿತ್ತು. ಅವರ ಮೇಲಿನ ಮರ್ಯಾದೆಗೆ ಬಂದಹಾಗೆ.

ಹೊರಡುವ ಮುಂಚೆ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ. ಟೈರುಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುವುದು. ಗಾಳಿ ಕಡಿಮೆಯಿದ್ದ ಟೈರು ಕೆಸರಿನಲ್ಲಿ ನಡೆಯುವ ಕಾಲಿದ್ದ ಹಾಗಂತೆ. ಪ್ರತಿ ಹೆಜ್ಜೆಗೂ ನೆಲ ತನ್ನ ಪಾಲು ಕೇಳುತ್ತದಂತೆ. ಆಮೇಲೆ ಮೇಲೆ ಹತ್ತಿ ಬೇಡದ ಭಾರ ಹುಡುಕುವುದು. ಒಮ್ಮೆ ಚಾವಣಿಯ ಮೇಲೆ ಸಾಮಾನಿಗೆ ಹೊದಿಸುವ ದಪ್ಪ ಕ್ಯಾನ್ವಾಸು ರಾತ್ರಿಯ ಮಳೆಗೆ ನೆನೆದು ನೀರು ಹಿಡಿದುಕೊಂಡು ಮಲಗಿತ್ತು. ಹೊರಡುವ ಹೊತ್ತು ಮೀರುತ್ತಿದ್ದರೂ ಅವರು ಅದನ್ನು ಇಳಿಸಿ, ಕ್ಲೀನರಿನ ಜೊತೆ ಎರಡು ತುದಿ ಹಿಡಿದು ಹಿಂಡತೊಡಗಿದರು. ಒಳಗಿದ್ದ ಮಾಪಿಳ್ಳೆ ವ್ಯಾಪಾರಿಯೊಬ್ಬರು, "ಡ್ರೈವರೇ, ಇವತ್ತು ಹೊರಡುತ್ತೀರೋ ಇಲ್ಲ ಬಟ್ಟೆ ಒಗೆದು ಒಣಗಿಸಿಯೇ ಹೊರಡುತ್ತೀರೋ?" ಎಂದು ಕೂಗಿದರು.

"ಮಳೆಯನ್ನು ಇಲ್ಲಿಂದ ಗೂಡಲೂರಿಗೆ ಹೊತ್ತುಕೊಂಡು ಹೋಗಲೇ ಕಾಕಾ? ಅಲ್ಲೇ ಬೇಕಾದಷ್ಟಿದೆಯಲ್ಲ!" ಎಂದರು ಇವರು.

ಏರಿನಲ್ಲಿ ಯಾರು ಕೈ ಅಡ್ಡ ಹಿಡಿದರೂ ನಿಲ್ಲಿಸುತ್ತಿರಲಿಲ್ಲ. ಏರಿನಲ್ಲಿ ನಿಂತ ಬಂಡಿಯನ್ನು ಮತ್ತೆ ಎಬ್ಬಿಸುವ ಪೆಟ್ರೋಲಿನಲ್ಲಿ ಬಯಲಿನಲ್ಲಿ ಎಷ್ಟೋ ದೂರ ಹೋಗಬಹುದು ಎಂದು ಅವರ ಲೆಕ್ಕ. ಒಂದು ದಿನ ಪೈಕಾರದ ಈಚೆಯ ಏರಿನಲ್ಲಿ ತೋಟದ ದೊರೆಯೊಬ್ಬ ಬೆತ್ತ ಎತ್ತಿ ನಿಲ್ಲಿಸಲು ಹೇಳಿದ. ಇವರು ನಮಸ್ಕಾರ ಮಾಡಿ ಮುಂದೆ ಹೋಗಿ, ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಕಾದರು. ದೊರೆ ಕೆಂಪೇರಿ ಏದುತ್ತಾ ಬಂದ. ನಾನು ಒಳಗೆ ಕೂತು ಕೆಲಸ ಹೋಯಿತು, ಕಂಪನಿ ಹೋಯಿತು, ಜೈಲಿನಲ್ಲಿ ಕಂಬಳಿ ಕೊಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಇವರು ಶಾಂತವಾಗಿ, "ಅಲ್ಲಿ ನಿಲ್ಲಿಸಿದ್ದರೆ ಬಂಡಿಗೆ ಏದುಸಿರು ಬರುತ್ತಿತ್ತು ದೊರೆ. ನಿಮಗೆ ಬಂದದ್ದೇ ವಾಸಿ, ಕೂತರೆ ಹೋಗುತ್ತೆ" ಎಂದರು. ದೊರೆಗೆ ಬಡಗ ಬಾರದಿದ್ದದ್ದು ನಮ್ಮ ಪುಣ್ಯ.

ಬ್ರೇಕಿನ ವಿಷಯದಲ್ಲಂತೂ ಅವರದು ಒಂದು ವ್ರತ. "ಪೆಟ್ರೋಲು ಉರಿಸಿ ಓಟ ಮಾಡಿಕೊಂಡಿರುತ್ತೀವಿ. ಆ ಓಟವನ್ನು ಬ್ರೇಕು ಒತ್ತಿ ಕೊಂದರೆ ಪೆಟ್ರೋಲನ್ನು ಮೋರಿಗೆ ಸುರಿದ ಹಾಗೆ." ಅದಕ್ಕೇ ಅವರ ಕಣ್ಣು ಯಾವಾಗಲೂ ಎರಡು ತಿರುವು ಮುಂದೆ ಇರುತ್ತಿತ್ತು. ಆಚೆಯ ತಿರುವಿನಲ್ಲಿ ಎಮ್ಮೆಗಳು ರಸ್ತೆಗೆ ಇಳಿಯುವುದು ಕಂಡರೆ ಈಚೆಯ ತಿರುವಿನಲ್ಲೇ ಕಾಲು ತೆಗೆದುಬಿಡುತ್ತಿದ್ದರು. ಬಸ್ಸು ತೂಕಡಿಸುತ್ತಾ ಅಲ್ಲಿಗೆ ತಲುಪುವಷ್ಟರಲ್ಲಿ ಕೊನೆಯ ಎಮ್ಮೆಯ ಬಾಲ ಪೊದೆಯೊಳಗೆ ಮರೆಯಾಗುತ್ತಿತ್ತು. ಅವರ ಪಕ್ಕದ ಬಾಗಿಲಿಗೆ ಅಂಟಿ ಕೂತು, ಜೇಬಿನಲ್ಲಿ ತುಳಸಿ ಇಟ್ಟುಕೊಂಡು ಪ್ರಯಾಣ ಮಾಡುವ ನನ್ನಂಥವನಿಗೂ ಆ ಬಸ್ಸಿನಲ್ಲಿ ನಿದ್ದೆ ಬಂದದ್ದುಂಟು. ಇದನ್ನು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ನಂಬಲಿಲ್ಲ. "ಮೋಟಾರಿಗಾದರೂ ಪೆಟ್ರೋಲು ಬೇಕು. ನಿಮ್ಮ ಹೆದರಿಕೆ ಅದೂ ಇಲ್ಲದೆ ಓಡುತ್ತೆ, ನಿಂತದ್ದು ಹೇಗೆ?" ಎಂದಳು.

ಇಷ್ಟೇ ಆಗಿದ್ದರೆ ನಾನು ಈ ಬರಹವನ್ನು ಇಲ್ಲಿಗೆ ನಿಲ್ಲಿಸಿ ಒಳ್ಳೆಯ ಮನುಷ್ಯರೆಂದು ಕೈ ಮುಗಿಯಬಹುದಿತ್ತು.

ಮುದಲಾಳಿಗೆ ಒಂದು ಪದ್ಧತಿ ಇತ್ತು. ಸಂಜೆ ಬಸ್ಸುಗಳು ಬಂದು ನಿಂತ ಮೇಲೆ ಅವರೇ ಒಂದು ಬಿದಿರಿನ ಕಡ್ಡಿ ತಂದು ಟ್ಯಾಂಕಿಗೆ ಅದ್ದಿ, ಎತ್ತಿ, ಲಾಂದ್ರದ ಬೆಳಕಿಗೆ ಹಿಡಿದು ಎಲ್ಲಿಯವರೆಗೆ ನೆನೆದಿದೆ ಎಂದು ನೋಡುವುದು. ನಮ್ಮವರ ಬಂಡಿಯ ಕಡ್ಡಿ ಯಾವಾಗಲೂ ಎಲ್ಲರಿಗಿಂತ ಮೇಲಿನವರೆಗೆ ಒದ್ದೆ. ಮುದಲಾಳಿ ಆ ಕಡ್ಡಿಯನ್ನು ಉಳಿದ ಡ್ರೈವರುಗಳ ಮೂಗಿನ ಮುಂದೆ ಆಡಿಸಿ, "ಇದು ನೋಡಿ, ಇದು" ಎನ್ನುತ್ತಿದ್ದರು. ಆಗ ನಮ್ಮವರು ಇನ್ನೊಂದು ಕಡೆ ನೋಡುತ್ತಾ ಮುಂಡಾಸು ಬಿಚ್ಚಿ ಕಟ್ಟುತ್ತಿದ್ದರು. ಮುಂಡಾಸಿಗೆ ಏನೂ ಆಗಿರುತ್ತಿರಲಿಲ್ಲ. ಹಿಗ್ಗನ್ನು ಎಲ್ಲಾದರೂ ಇಡಬೇಕಲ್ಲ.

ಒಂದು ಬೇಸಿಗೆಯಲ್ಲಿ ಕೊಯಮತ್ತೂರಿನ ಕಡೆಯಿಂದ ಹೊಸ ಡ್ರೈವರೊಬ್ಬ ಬಂದ. ತೆಳ್ಳಗೆ, ಲವಲವಿಕೆಯಾಗಿ, ಹಾಡು ಗುನುಗುತ್ತಾ ಬಂಡಿ ಬಿಡುವವನು. ಕೆಲವೇ ದಿನಗಳಲ್ಲಿ ಅವನ ಕಡ್ಡಿ ನಮ್ಮವರ ಕಡ್ಡಿಗಿಂತ ಮೇಲಕ್ಕೆ ಒದ್ದೆಯಾಯಿತು. ಗುಟ್ಟೇನೂ ಇರಲಿಲ್ಲ, ಅವನೇ ಹೇಳಿದ. ನಡುವಟ್ಟಂ ದಾಟಿ ಗೂಡಲೂರಿನ ಇಳಿಜಾರು ಶುರುವಾಗುವಲ್ಲಿ ಗೇರು ಬಿಡಿಸಿ ಇಂಜಿನ್ ಆರಿಸಿಬಿಡುವುದು. ಘಟ್ಟ ಇಳಿಯುವಷ್ಟೂ ಹೊತ್ತು ಬಂಡಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ. ಬ್ರೇಕು ಒಂದಿದ್ದರೆ ಸಾಕು.

ಮುದಲಾಳಿ ಎಲ್ಲರ ಎದುರಿಗೆ ನಮ್ಮವರನ್ನು ಕರೆದರು. "ಏನಯ್ಯಾ, ಉಳಿಸೋದು ಹೇಗೆ ಅಂತ ಊರಿಗೆಲ್ಲ ಪಾಠ ಹೇಳುತ್ತೀಯ. ನಿನಗೆ ಈ ಪಾಠ ಗೊತ್ತಿರಲಿಲ್ಲವಾ?"

ನಮ್ಮವರು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಗೊತ್ತಿತ್ತು ಮುದಲಾಳಿ. ನಮ್ಮಪ್ಪ ಇದೇ ಘಟ್ಟದಲ್ಲಿ ಎತ್ತಿನಗಾಡಿ ಹೊಡೆದವನು. ಇಳಿಯುವಾಗ ಗಾಡಿಯ ಹಿಂದೆ ಒಂದು ಕೊರಡು ಕಟ್ಟಿ ನೆಲಕ್ಕೆ ಉಜ್ಜಿಸುತ್ತಿದ್ದ. ಏರಿನಲ್ಲಿ ಎತ್ತು ಎಳೆಯುತ್ತೆ, ಇಳಿಜಾರಿನಲ್ಲಿ ಎತ್ತು ತಡೆಯುತ್ತೆ. ಇಂಜಿನ್ನೂ ಅಷ್ಟೇ. ಗೇರಿನಲ್ಲಿದ್ದರೆ ಅದು ಬಂಡಿಯನ್ನು ಹಿಂದಕ್ಕೆ ಹಿಡಿದಿರುತ್ತೆ. ಇಳಿಜಾರಿನಲ್ಲಿ ಎತ್ತು ಬಿಚ್ಚಿ ಗಾಡಿ ಬಿಡುವವನು ಯಾರಾದರೂ ಉಂಟೇ?"

"ಎತ್ತು ಬಿಚ್ಚಿದರೆ ಹುಲ್ಲು ಉಳಿಯುತ್ತೆ ಅಂತ ನಿಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ" ಎಂದರು ಮುದಲಾಳಿ. ಎಲ್ಲರೂ ನಕ್ಕರು. ಹೊಸ ಡ್ರೈವರು ಮಾತ್ರ ನಗಲಿಲ್ಲ. ಅವನು ಇವರ ಮುಖ ನೋಡುತ್ತಿದ್ದ.

ಆಮೇಲೆ ಕೆಲವು ತಿಂಗಳು ಇವರು ಹಟ ಹಿಡಿದರು. ಉಳಿದ ದಾರಿಯಲ್ಲೇ ಇನ್ನಷ್ಟು ಉಳಿಸಿ ಸರಿಗಟ್ಟುತ್ತೇನೆ ಎಂದು ಏನೇನೋ ಮಾಡಿದರು. ಸಮತಟ್ಟಿನಲ್ಲೂ ಎಳೆಯ ಹೋರಿಯನ್ನು ನಡೆಸುವ ಹಾಗೆ ಬಸ್ಸನ್ನು ನಡೆಸಿದರು. ಬೆಳಿಗ್ಗೆ ಇಂಜಿನ್ನು ಚಳಿ ಬಿಟ್ಟು ಏಳಲಿ ಎಂದು ತಮ್ಮ ಕಂಬಳಿಯನ್ನೇ ರಾತ್ರಿ ಅದಕ್ಕೆ ಹೊದಿಸಿದರು. ತಾವು ಗೋಣಿಚೀಲ ಹೊದ್ದು ಕೆಮ್ಮಿದರು. ಆದರೂ ಇಳಿಜಾರಿನ ಉಳಿತಾಯಕ್ಕೆ ಇವೆಲ್ಲ ಎಲ್ಲಿ ಸಾಟಿ? ಮುದಲಾಳಿ ಬೈಯಲಿಲ್ಲ. ಕೆಲಸ ತೆಗೆಯುತ್ತೇನೆ ಎನ್ನಲಿಲ್ಲ. ಒಂದು ಸಂಜೆಯಿಂದ ಇವರ ಬಂಡಿಗೆ ಕಡ್ಡಿ ಅದ್ದಲು ತಾವು ಬರುವುದನ್ನು ಬಿಟ್ಟು ಕಾವಲುಗಾರನನ್ನು ಕಳಿಸಿದರು. ಅವನು ಕಡ್ಡಿಯನ್ನು ಅದ್ದಿ, ನೋಡಿಯೂ ನೋಡದೆ, ಪಂಚೆಗೆ ಒರೆಸಿಕೊಂಡು ಹೋದ. ನಮ್ಮವರ ಕೈ ಮುಂಡಾಸಿನವರೆಗೆ ಹೋಗಿ ಸುಮ್ಮನೆ ಇಳಿಯಿತು. ಅವರನ್ನು ಸೋಲಿಸಿದ್ದು ಹೊಟ್ಟೆಪಾಡೆಂದು ಹಟ್ಟಿಯವರು ಹೇಳುತ್ತಾರೆ. ನಾನು ಕಂಡದ್ದು ಆ ಕೈಯನ್ನು.

ಗೂಡಲೂರಿನ ಕಚೇರಿಗೆ ನಾನು ಆಗಾಗ ಹೋಗಬೇಕಿತ್ತು. ಆ ವಾರ ಅವರ ಪಕ್ಕದಲ್ಲೇ ಕೂತಿದ್ದೆ. ನಡುವಟ್ಟಂನಲ್ಲಿ ಚಹಾ ಕುಡಿದು ಹೊರಟೆವು. ಸಿಂಕೋನಾ ತೋಟದ ಹತ್ತಿರ ರಸ್ತೆ ಬಾಗಿ ಕೆಳಗೆ ಇಡೀ ಗೂಡಲೂರಿನ ತಗ್ಗು ಕಾಣುವ ಜಾಗಕ್ಕೆ ಬಂದಾಗ ಅವರು ಗೇರು ಬಿಡಿಸಿದರು. ಸದ್ದು ನಿಂತಿತು.

"ಅಣ್ಣಾ, ಇಂಜಿನ್ ನಿಂತುಹೋಯಿತು" ಎಂದೆ, ಬಾಗಿಲಿನ ಹಿಡಿ ಹಿಡಿದುಕೊಂಡು.

"ನಿಲ್ಲಿಸಿದೆ."

"ಎತ್ತು?"

"ಬಿಚ್ಚಿದೆ" ಎಂದರು. ನನ್ನ ಕಡೆ ತಿರುಗಲಿಲ್ಲ.

ಆ ಮೌನವನ್ನು ಹೇಗೆ ಹೇಳಲಿ? ಬೆಟ್ಟಕ್ಕೆ ಬಂದು ಅಷ್ಟು ವರ್ಷವಾದರೂ ಆ ಘಟ್ಟದಲ್ಲಿ ಅಷ್ಟು ಹಕ್ಕಿಗಳಿವೆ ಎಂದು ನನಗೆ ತಿಳಿದಿರಲಿಲ್ಲ. ಟೈರಿನ ಕೆಳಗೆ ಕಲ್ಲು ನುರಿಯುವುದು, ತೊರೆಯ ನೀರು, ಹಿಂದಿನ ಸೀಟಿನ ಹೆಂಗಸು ಮಗುವಿಗೆ ಹೇಳುವ ಪಿಸುಮಾತು, ಎಲ್ಲ ಕೇಳಿಸಿತು. ಜನಕ್ಕೆ ಅದು ಬಹಳ ಹಿಡಿಸಿತು. "ಈಗ ಇದು ಬಂಡಿಯಲ್ಲಪ್ಪ, ಪಲ್ಲಕ್ಕಿ" ಎಂದರು ಒಬ್ಬ ಮುದುಕರು. ನನಗೆ ಮಾತ್ರ ಬ್ರೇಕು ಕಾದ ವಾಸನೆ ಬರುತ್ತಿತ್ತು. ನನ್ನ ಮೂಗಿಗೆ ಇಲ್ಲದ ವಾಸನೆಗಳೂ ಬರುವುದರಿಂದ ನಾನು ಯಾರಿಗೂ ಹೇಳಲಿಲ್ಲ.

ಗೂಡಲೂರಿನಲ್ಲಿ ಇಳಿದ ಮೇಲೆ ಅವರು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬ್ರೇಕಿನ ಡ್ರಮ್ಮಿಗೆ ಕೈ ತಾಗಿಸದೆ ಹತ್ತಿರ ಹಿಡಿದು ಕಾವು ನೋಡಿದರು. ಆಮೇಲೆ ಹೇಳಿದರು: "ಉಳಿಸೋದೂ ಕುಡಿತದ ಹಾಗೇ ರೈಟರೇ. ಮೊದಮೊದಲು ನಾವು ಅದನ್ನು ಹಿಡಿದಿರುತ್ತೀವಿ. ಆಮೇಲೆ ಅದು ನಮ್ಮನ್ನು ಹಿಡಿದಿರುತ್ತೆ." ಆ ಸಂಜೆ ಮುದಲಾಳಿ ತಾವೇ ಕಡ್ಡಿ ತಂದರು.

ಮಳೆಗಾಲದವರೆಗೆ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ಕೆಟ್ಟದ್ದಾಯಿತು. ಒಂದು ಬೆಳಿಗ್ಗೆ, ಮಂಜು ಹತ್ತಿಯ ಹಾಗೆ ರಸ್ತೆಗೆ ತುರುಕಿಕೊಂಡಿದ್ದಾಗ, ಅವರ ಬಸ್ಸು ಸದ್ದಿಲ್ಲದೆ ಘಟ್ಟ ಇಳಿಯುತ್ತಿತ್ತು. ತಿರುವಿನ ಆಚೆ ಒಂದು ಎತ್ತಿನಗಾಡಿ, ಹಿಂದೆ ಕೊರಡು ಕಟ್ಟಿಕೊಂಡು ಮೆಲ್ಲಗೆ ಇಳಿಯುತ್ತಿತ್ತು. ಇಂಜಿನ್ ಸದ್ದಿದ್ದರೆ ಗಾಡಿಯವನು ಪಕ್ಕಕ್ಕೆ ಸರಿಯುತ್ತಿದ್ದ. ಇವರು ಕಂಡಾಗ ಗಾಡಿ ಮೂಗಿಗೆ ತಾಗುವಷ್ಟು ಹತ್ತಿರ. ಕಾದು ಕಾದು ಸೋತಿದ್ದ ಬ್ರೇಕು ಹಿಡಿಯಲಿಲ್ಲ. ಗೇರು ಹಾಕಲು ನೋಡಿದರು. ಇಂಜಿನ್ ಆರಿ ಓಡುತ್ತಿರುವ ಬಂಡಿಗೆ ಗೇರು ಎಲ್ಲಿ ಕೂರುತ್ತದೆ? ಹಲ್ಲಿಗೆ ಹಲ್ಲು ಕಡಿದು ಕೂಗಿತು, ಅಷ್ಟೇ. ಕಣಿವೆಯ ಕಡೆ ಬಿಡಬಾರದೆಂದು ಬೆಟ್ಟದ ಕಡೆಗೆ ತಿರುಗಿಸಿದರು. ಬಸ್ಸು ದರೆಗೆ ಹತ್ತಿ, ಮಗುಚಿ ಬಿತ್ತು.

ಬಸ್ಸಿನಲ್ಲಿದ್ದ ಮೂವರು ಸತ್ತರು. ಅವರಲ್ಲಿ ಒಬ್ಬ ನಮ್ಮ ಡ್ರೈವರದೇ ಹಟ್ಟಿಯವನು, ಇವರ ಮನೆಗೆ ಮೂರನೆಯ ಮನೆಯ ವಿಧವೆಯ ಒಬ್ಬನೇ ಮಗ. ಗೂಡಲೂರಿನ ಕಾಫಿ ತೋಟದಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿ, ಹೊಸ ಪಂಚೆ ಉಟ್ಟು ಹೊರಟಿದ್ದ. ಹೊರಡುವಾಗ ನನ್ನ ಕೈಯಿಂದಲೇ ಟಿಕೆಟ್ಟು ತೆಗೆದುಕೊಂಡ. "ನಮ್ಮ ಅಣ್ಣನ ಬಂಡಿ, ಭಯ ಇಲ್ಲ" ಎಂದು ನನಗೆ ಧೈರ್ಯ ಹೇಳಿದ್ದ. ನನ್ನ ಖ್ಯಾತಿ ಹಟ್ಟಿಯವರೆಗೂ ಹೋಗಿತ್ತು.

ಇವರಿಗೆ ಒಂದು ಕೈ ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ.

ವಿಚಾರಣೆಯಾಯಿತು. ಬ್ರೇಕಿನ ಸರಳು ಮುರಿದದ್ದರಿಂದ ಹೀಗಾಯಿತು ಎಂದು ಮುದಲಾಳಿಯ ವಕೀಲರು ಹೇಳಿದರು. ಹಟ್ಟಿಯ ಗೌಡರು ಹಿರಿಯರನ್ನು ಕರೆದುಕೊಂಡು ಬಂದು, ನಮ್ಮ ಮನುಷ್ಯನ ಕೈಯಲ್ಲಿ ತಪ್ಪಿಲ್ಲ, ಸರಳು ಮುರಿದದ್ದೇ ನಿಜ ಎಂದು ನಿಂತರು. ಹಟ್ಟಿಯ ಒಬ್ಬನನ್ನು ಕಳೆದುಕೊಂಡದ್ದಾಯಿತು, ಇನ್ನೊಬ್ಬನನ್ನು ಜೈಲಿಗೆ ಕೊಡುವುದೇಕೆ ಎಂಬುದು ಅವರ ಲೆಕ್ಕ. ಇವರಿಗೆ ಬಾಯಿ ಬಿಡಬೇಡ ಎಂದು ಕಟ್ಟುಮಾಡಿದ್ದರು. ಬಿಡಲಿಲ್ಲ. ತಲೆ ತಗ್ಗಿಸಿ ನಿಂತು, ಕೇಳಿದ್ದಕ್ಕೆಲ್ಲ ಹೂಂ ಎಂದು, ಮನೆಗೆ ಹೋದರು.

ಮತ್ತೆ ಯಾವ ಬಂಡಿಯನ್ನೂ ಹತ್ತಲಿಲ್ಲ. ಎತ್ತಿನಗಾಡಿಯನ್ನೂ. ಉದಕಮಂಡಲದ ಸಂತೆಗೆ ಆಲೂಗೆಡ್ಡೆ ಮೂಟೆ ಹೊತ್ತು ನಡೆದೇ ಬರುತ್ತಿದ್ದರು. ಜೊತೆಯಲ್ಲಿ ನಡೆದಾಗ ನಾನೊಂದು ಗಮನಿಸಿದೆ. ಇಳಿಜಾರು ಬಂದರೆ ಅವರ ಬಲಗಾಲು ಪ್ರತಿ ಹೆಜ್ಜೆಗೂ ನೆಲವನ್ನು ಒತ್ತಿ ಹಿಡಿಯುತ್ತಿತ್ತು, ತಡವಾಗಿ, ಬಹಳ ತಡವಾಗಿ. ಉಳಿಸುವ ಮನುಷ್ಯ ಉಳಿಸುವುದನ್ನೇ ಬಿಟ್ಟಿದ್ದರು. ಹಗಲಿನಲ್ಲೂ ಅವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವರ ಹೆಂಡತಿ ಆರಿಸಿದರೆ ಎದ್ದು ಮತ್ತೆ ಹಚ್ಚುತ್ತಿದ್ದರು.

ವಾರಕ್ಕೊಮ್ಮೆ ಕಾಡಿನಿಂದ ಒಂದು ಹೊರೆ ಸೌದೆ ತಂದು ಆ ವಿಧವೆಯ ಬಾಗಿಲಿನ ಬಳಿ ಇಟ್ಟು ಬರುತ್ತಿದ್ದರು. ಅವರಿಬ್ಬರೂ ಮಾತಾಡಿದ್ದು ಯಾರೂ ಕೇಳಲಿಲ್ಲ. ಅವರು ಇಟ್ಟು ಹೋದ ಮೇಲೆ ಆಕೆ ಹೊರಗೆ ಬಂದು ಹೊರೆ ಬಿಚ್ಚಿ, ಕಟ್ಟಿಗೆಗಳನ್ನು ಒಂದೊಂದಾಗಿ ಮನೆಯ ಹಿಂದೆ ಸೂರಿನ ಕೆಳಗೆ ಜೋಡಿಸುತ್ತಿದ್ದರು.

"ಒಂದು ಕಡ್ಡಿಯನ್ನೂ ಉರಿಸಿಲ್ಲ ರೈಟರೇ" ಎಂದರು ನಮ್ಮವರು ಒಮ್ಮೆ. "ಚಳಿಗೆ ಸೆಗಣಿಯ ಬೆರಣಿ ಉರಿಸುತ್ತಾಳೆ. ನನ್ನ ಸೌದೆ ಮುಟ್ಟಲ್ಲ. ಎಸೆಯೋದೂ ಇಲ್ಲ. ಎಸೆದರೆ ನಾನು ತರೋದು ನಿಲ್ಲಿಸಬಹುದಿತ್ತು."

ಹೀಗೇ ಕೆಲವು ವರ್ಷ ನಡೆಯಿತು. ಆಮೇಲೆ ಎದೆಯ ಕೆಮ್ಮು ಅವರನ್ನು ಮಲಗಿಸಿತು.

ನಾನು ನೋಡಲು ಹೋದ ದಿನ ಅವರು ಗೋಡೆಗೆ ಒರಗಿ ಕೂತಿದ್ದರು. ಬಡಗರಲ್ಲಿ ಒಂದು ಪದ್ಧತಿ ಇದೆ, ಅದರ ಮಾತೆತ್ತಿದರು. ಸತ್ತವರನ್ನು ಸುಡುವ ಮುಂಚೆ ಹಿರಿಯರೊಬ್ಬರು ತಲೆಯ ಬಳಿ ನಿಂತು ಒಂದೊಂದೇ ಪಾಪವನ್ನು ಹೇಳುತ್ತಾರೆ. ಸೇರಿದ ಜನವೆಲ್ಲ "ಪಾಪವೇ" ಎಂದು ಕೂಗುತ್ತಾರೆ. ಸತ್ತವನು ಅದನ್ನು ಮಾಡಿದ್ದನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಅವೇ ಪಾಪಗಳು. ಹೇಳಿದ ಮೇಲೆ ಅವು ಕಳೆದವು, ದಾರಿ ಬಿಟ್ಟುಕೊಟ್ಟವು ಎಂದು ನಂಬಿಕೆ.

"ಹಾವು ಹೊಡೆದ ಅಂತಾರೆ. ನಾನು ಹೊಡೆದಿಲ್ಲ. ಗಡಿಕಲ್ಲು ಸರಿಸಿದ ಅಂತಾರೆ. ಸರಿಸಿಲ್ಲ. ಹಸುವಿನ ಕೆಚ್ಚಲಿಂದ ಕರು ಬಿಡಿಸಿದ ಅಂತಾರೆ. ಅದೂ ಇಲ್ಲ." ಕೆಮ್ಮು ನಿಲ್ಲುವವರೆಗೆ ಕಾದರು. "ನಾನು ಮಾಡಿದ್ದು ಅದರೊಳಗೆ ಇಲ್ಲ ರೈಟರೇ. ಹಿರಿಯರು ಆ ಮಾತು ಕಟ್ಟಿದಾಗ ಮೋಟಾರು ಇರಲಿಲ್ಲ. ಮಾಡದ್ದೆಲ್ಲ ಕಳೆಯುತ್ತೆ. ಮಾಡಿದ್ದು ನನ್ನ ಜೊತೆ ಬರುತ್ತೆ."

"ಹಾಗೆಲ್ಲ ಯೋಚಿಸಬೇಡಿ ಅಣ್ಣ." ಲೋಕದಲ್ಲಿ ಆ ಮಾತನ್ನು ಹೇಳಲು ಎಲ್ಲರಿಗಿಂತ ಕಡಿಮೆ ಅರ್ಹತೆ ಇದ್ದವನು ನಾನು.

"ಇಳಿಜಾರಿನಲ್ಲಿ ಎತ್ತು ಬಿಚ್ಚಿದ. ಅಷ್ಟು ಸಾಕು. ಗೌಡರಿಗೆ ಹೇಳಿ. ಹಟ್ಟಿಯವರು ಹೇಳಿದರೆ ಗದರುತ್ತಾರೆ. ನೀವು ಹೊರಗಿನವರು, ಓದಿದವರು." ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಒಪ್ಪಬೇಕಾಯಿತು.

ಅವರು ಹೋದದ್ದು ಮತ್ತೆ ಒಂದು ಮಳೆಗಾಲದಲ್ಲಿ. ನಾನು ಕೊಡೆ ಹಿಡಿದು ಹಟ್ಟಿಯ ದಾರಿ ಹಿಡಿದೆ. ದಾರಿಯುದ್ದಕ್ಕೂ ಗೌಡರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಹಟ್ಟಿಯ ಮೊದಲನೆಯ ಎಮ್ಮೆಯನ್ನು ಕಂಡ ಕೂಡಲೇ ಅರ್ಧ ಮರೆತೆ. ಮಂಚದ ಮೇಲೆ ಅವರನ್ನು ಮಲಗಿಸಿದ್ದರು. ಸುತ್ತ ಹೆಂಗಸರು ಕೂತು ಅಳುತ್ತಿದ್ದರು. ಮುಂಡಾಸು ಯಾರೋ ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದರು. ಗಂಡಸರು ಒಂದು ಕಡೆ ಗುಂಪಾಗಿ ಸೌದೆಯ ಮಾತಾಡುತ್ತಿದ್ದರು. ಹತ್ತು ದಿನದಿಂದ ಬಿಡದ ಮಳೆ. ಯಾರ ಮನೆಯಲ್ಲಿ ನೋಡಿದರೂ ಹಸಿ ಸೌದೆ, ಹೊಗೆ ಬಂದೀತು, ಬೆಂಕಿ ಹತ್ತಲಾರದು ಎಂದು.

ಗೌಡರನ್ನು ಒಂದು ಪಕ್ಕಕ್ಕೆ ಕರೆದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆದರೂ ಹೇಳಿದೆ. ಗೌಡರು ಕೊಡೆಯಿಂದ ಇಳಿಯುವ ನೀರು ನೋಡುತ್ತಾ ಕೇಳಿದರು.

"ನಿಮ್ಮ ಕರ್ತವ್ಯ ನೀವು ಮಾಡಿದಿರಿ ರೈಟರೇ. ಆದರೆ ಆಗೋದಿಲ್ಲ. ಹಿರಿಯರ ಮಾತಿಗೆ ಮಾತು ಸೇರಿಸೋದು ನನ್ನ ಕೈಲಿಲ್ಲ."

"ಅವರು ಬಹಳ ಕೇಳಿಕೊಂಡಿದ್ದರು..."

"ಹಟ್ಟಿಗೆ ಹಟ್ಟಿಯೇ ಕೋರ್ಟಿನಲ್ಲಿ ನಿಂತು ಸರಳು ಮುರಿಯಿತು ಅಂದಿದ್ದೀವಿ. ಇವತ್ತು ಹೆಣದ ಮುಂದೆ ಬೇರೆ ಮಾತು ಹೇಳಿದರೆ ಆ ಸುಳ್ಳು ಇವನನ್ನು ಬಿಟ್ಟು ನಮ್ಮೆಲ್ಲರಿಗೂ ಅಂಟುತ್ತೆ. ಬದುಕಿರುವವರು ನಾವು."

ನಾನು ಹೋಗಿ ಗುಂಪಿನ ಅಂಚಿನಲ್ಲಿ ನಿಂತೆ.

ಮಂಚವನ್ನು ಹಟ್ಟಿಯ ಹೊರಗೆ, ಸುಡುವ ಜಾಗದ ಈಚೆಯ ಹುಲ್ಲಿಗೆ ಇಳಿಸಿದರು. ಗೌಡರೇ ತಲೆಯ ಬಳಿ ನಿಂತರು. ಮಳೆ ಜಿನುಗುತ್ತಿತ್ತು.

"ಹರಿಯುವ ಹಾವ ಕೊಂದಿರಬಹುದು."

"ಪಾಪವೇ!" ಎಂದಿತು ಜನ.

"ನೆರೆಯವನ ಗಡಿಯ ಕಲ್ಲ ಸರಿಸಿರಬಹುದು."

"ಪಾಪವೇ!"

"ಬಾಯಾರಿದವರಿಗೆ ನೀರಿನ ದಾರಿ ಮುಚ್ಚಿರಬಹುದು."

"ಪಾಪವೇ!"

ಒಂದರ ಹಿಂದೆ ಒಂದು. ಅವರು ಮಾಡದ ಪಾಪಗಳೆಲ್ಲ ಅವರ ಮೇಲಿಂದ ಎದ್ದು ಮಂಜಿನೊಳಗೆ ಹೋಗುತ್ತಿದ್ದವು. ನಾನು ಪ್ರತಿ ಸಲವೂ, ಈಗ ಕೂಗಲೇ, ಈಗ ಕೂಗಲೇ ಎಂದು ಬಾಯಿ ತೆರೆದು ಮುಚ್ಚುತ್ತಿದ್ದೆ. ಕೊನೆಗೆ ಗೌಡರು ದನಿ ಏರಿಸಿ, ಮುಗಿಸುವ ಮಾತಿಗೆ ಬಂದರು. ಎಲ್ಲ ಕಳೆಯಲಿ, ಬಾಗಿಲು ತೆರೆಯಲಿ ಎನ್ನುವ ಮಾತು.

"ಇನ್ನೊಂದು ಇದೆ ಮಾವಾ."

ಹೆಂಗಸರ ನಡುವಿನಿಂದ ಆ ವಿಧವೆ ಎದ್ದು ನಿಂತಿದ್ದರು. ಕುಳ್ಳಗೆ, ತಲೆಗೆ ಬಿಳಿ ಬಟ್ಟೆ ಬಿಗಿದುಕೊಂಡು.

"ಕೂತ್ಕೋ ತಾಯಿ" ಎಂದರು ಗೌಡರು.

"ಇಷ್ಟು ವರ್ಷ ಕೂತಿದ್ದೆ. ನೀವು ಸರಳು ಮುರಿಯಿತು ಅಂದಿರಿ, ಕೂತಿದ್ದೆ. ಸರಳು ಮುರಿದಿದ್ದರೆ ಈ ಮನುಷ್ಯ ಯಾಕೆ ವಾರ ವಾರ ನನ್ನ ಬಾಗಿಲಿಗೆ ಬಂದ? ಇದನ್ನು ಹೇಳದೆ ಸುಟ್ಟರೆ ಇವನಿಗೆ ದಾರಿ ಇಲ್ಲ. ಅದು ಹಾಗಿರಲಿ. ನನ್ನ ಮಗ ಯಾತರಿಂದ ಸತ್ತ ಮಾವಾ? ಯಾರೂ ಏನೂ ಮಾಡದೆ ಸತ್ತನಾ?"

ಆಕೆ ಮಂಚದ ಹತ್ತಿರ ಬಂದು, ಹೆಣದ ಮುಖವನ್ನು ನೋಡುತ್ತಾ, ಗೌಡರ ರಾಗದಲ್ಲೇ, ಅದರಷ್ಟೇ ಗಟ್ಟಿಯಾಗಿ ಹೇಳಿದರು:

"ಇಳಿಜಾರಿನಲ್ಲಿ ಎತ್ತು ಬಿಚ್ಚಿದ."

ಹಟ್ಟಿಯಲ್ಲಿ ಎಲ್ಲರಿಗೂ ಆ ಮಾತು ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. ಜನ ಗೌಡರ ಬಾಯಿ ನೋಡಿದರು. ಗೌಡರು ನೆಲ ನೋಡಿದರು. ಆ ಮೌನ ಘಟ್ಟದಲ್ಲಿ ಇಂಜಿನ್ ಆರಿಸಿದಾಗಿನ ಮೌನದ ಹಾಗೇ ಇತ್ತು. ಎಲ್ಲೋ ತೊರೆಯ ನೀರು ಕೇಳಿಸಿತು. ಆಮೇಲೆ ಆಕೆಯೇ, ಒಬ್ಬರೇ, "ಪಾಪವೇ" ಎಂದರು.

ಗೌಡರ ತುಟಿ ಅಲುಗಿತು. "ಪಾಪವೇ" ಎಂದರು. ಆಗ ಎಲ್ಲರೂ ಅಂದರು. ನಾನೂ ಅಂದೆ. ನನ್ನ ದನಿ ಇದ್ದಕ್ಕಿದ್ದಂತೆ ಎಷ್ಟು ದೊಡ್ಡದಾಗಿ ಬಂತೆಂದರೆ ಪಕ್ಕದವರು ತಿರುಗಿ ನೋಡಿದರು.

ಗೌಡರು ಮುಗಿಸುವ ಮಾತು ಹೇಳಿದರು. ಗಂಡಸರು ಮಂಚಕ್ಕೆ ಹೆಗಲು ಕೊಡಲು ಬಂದರು. ಒಬ್ಬರು ಮೆಲ್ಲಗೆ, "ಸೌದೆ ಹಸಿಯಾಗಿದೆಯಲ್ಲ, ಏನು ಮಾಡೋಣ?" ಎಂದು ಮತ್ತೆ ಶುರುಮಾಡಿದರು.

ಆಕೆ ತಲೆಯ ಬಟ್ಟೆ ಸರಿಪಡಿಸಿಕೊಳ್ಳುತ್ತಾ ಹೇಳಿದರು: "ನನ್ನ ಮನೆ ಹಿಂದೆ ಇದೆ. ಒಣಗಿದೆ. ಎಲ್ಲಾ ತಗೊಂಡು ಬನ್ನಿ."